ಒಮಾನಿನ ಒರತೆಯಲ್ಲಿ ಗಂಗವ್ವನ ಪೂಜೆ

ನಾಲ್ಕನೆಯ ಮಹಡಿಯ ನಳ

ನಾನು ಒಮಾನಿಗೆ ಹೋದದ್ದು ಮಗಳ ಬಾಣಂತನಕ್ಕೆ, ಊರು ನೋಡಲಿಕ್ಕಲ್ಲ. ಹಾಗಾಗಿ ಅಲ್ಲಿಯ ಕೋಟೆ ಹೇಗಿದೆ, ದೊಡ್ಡ ಮಸೀದಿ ಹೇಗಿದೆ ಎಂದು ಕೇಳಿದರೆ ಹೇಳಲು ನನಗೆ ಬರುವುದಿಲ್ಲ. ಕೂಸಿನ ಬಟ್ಟೆ ಅಲ್ಲಿಯ ಬಿಸಿಲಿಗೆ ಎಷ್ಟು ಲಗೂ ಒಣಗುತ್ತದೆ ಎಂದು ಕೇಳಿದರೆ ಹೇಳಬಲ್ಲೆ. ಎರಡನೆಯದನ್ನು ಹಗ್ಗಕ್ಕೆ ಹಾಕುವಷ್ಟರಲ್ಲಿ ಮೊದಲನೆಯದು ಹಪ್ಪಳದಂತೆ ಆಗಿರುತ್ತದೆ. ಬ್ಯಾಡಗಿಯ ಮಳೆಗಾಲದಲ್ಲಿ ಬಾಣಂತನ ಮಾಡಿ, ಹಸಿ ಲಂಗೋಟಿಗಳನ್ನು ಒಲೆಯ ಮುಂದೆ ಹಿಡಿದು ಕೂತವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಗೊತ್ತು. ದೇವರು ಎಲ್ಲ ಕಡೆಗೂ ಏನಾದರೂ ಒಂದು ಇಟ್ಟೇ ಇರುತ್ತಾನೆ, ನಾವು ಹುಡುಕಿ ನೋಡಬೇಕು ಅಷ್ಟೇ.

ಅಳಿಯ ಪ್ರವೀಣ ರಾಣೇಬೆನ್ನೂರಿನವರು. ಸೂರ್ ಎಂಬ ಸಮುದ್ರದಂಡೆಯ ಊರಿನಲ್ಲಿ, ಉಪ್ಪುನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಪಂಪು ನೋಡಿಕೊಳ್ಳುವುದು ಅವರ ಕೆಲಸ. ಮಗಳು ಸಾವಿತ್ರಿ, ಮನೆಯಲ್ಲಿ ಸಾವಿ, ಹಡೆದದ್ದು ಹೆಣ್ಣುಕೂಸು. ಎಣ್ಣೆ, ನೀರು, ಖಾರ, ಕಾಡಿಗೆ ಎನ್ನುತ್ತ ದಿನಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ಹಾವೇರಿಯಲ್ಲಿ ಪಾಸ್‌ಪೋರ್ಟಿನ ಫೋಟೋ ತೆಗೆಯುವಾಗ ನಗಬೇಡಿ ಎಂದಿದ್ದರು, ಆ ಬಿಗಿದ ಮುಖ ಇನ್ನೂ ಸಡಿಲಾಗಿಲ್ಲವೇನೋ ಎನ್ನುವಷ್ಟರಲ್ಲಿ ತಿರುಗಿ ಹೊರಡುವ ವಾರ ಬಂತು.

ಆ ವಾರವೇ ನನ್ನ ಎದೆಯಲ್ಲಿ ಮುಳ್ಳು ಚುಚ್ಚತೊಡಗಿದ್ದು. ಗಂಗವ್ವನ ಪೂಜೆ ಆಗಿರಲಿಲ್ಲ.

ನಮ್ಮಲ್ಲಿ ಬಾಣಂತಿ ಮೂರನೆಯ ತಿಂಗಳಿಗೆ ಬಾವಿಗೆ ಹೋಗುತ್ತಾಳೆ. ದಂಡೆಯಲ್ಲಿ ಐದು ಹರಳುಕಲ್ಲು ಇಟ್ಟು ಪೂಜಿಸುತ್ತಾಳೆ. ಐದು ಮಂದಿ ಮುತ್ತೈದೆಯರು, ಅಂದರೆ ಗಂಡ ಬದುಕಿರುವ ಹೆಂಗಸರು, ಅವಳಿಗೆ ಅರಿಷಿಣ ಹಚ್ಚುತ್ತಾರೆ. ಅವಳು ಕೊಡ ತುಂಬುತ್ತಾಳೆ. ಆ ಐವರಿಗೂ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ರವಿಕೆಗೆಂದು ಕುಬಸದ ಕಣ ಹಾಕಿ ಉಡಿ ತುಂಬುತ್ತೇವೆ. ಅಲ್ಲಿಗೆ ಬಾಣಂತನ ಮುಗಿಯಿತು, ಅವಳು ಮತ್ತೆ ಮನೆಯ ಹೆಣ್ಣುಮಗಳಾದಳು ಎಂದು ಲೆಕ್ಕ. ಇದು ಆಗದೆ ನಾನು ವಿಮಾನ ಹತ್ತಿದರೆ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಎದ್ದುಹೋದ ಹಾಗೆ. ನನ್ನ ಅವ್ವ ನನಗೆ ಮಾಡಿಸಿದ್ದಳು. ನಾನು ನನ್ನ ಮಗಳಿಗೆ ಮಾಡಿಸದೆ ಹೋಗುವುದು ಹೇಗೆ?

ಆದರೆ ಬಾವಿ ಎಲ್ಲಿಂದ ತರುವುದು? ನಾಲ್ಕನೆಯ ಮಹಡಿಯ ಮನೆ. ಇರುವುದು ನಳ.

"ನಳಕ್ಕ ಅರಿಷಿಣ ಕುಂಕುಮ ಹಚ್ಚಿ ಮುಗಿಸಬೇ ಯವ್ವಾ," ಎಂದಳು ಸಾವಿ.

"ನಳ ಗಂಗಿ ಅಲ್ಲ. ನಳ ಪೈಪು."

"ನಮ್ಮ ಪ್ಲಾಂಟಿಗೆ ಬರ್ರಿ ಅತ್ತಿಯವರ," ಎಂದರು ಅಳಿಯ. "ದಿನಾ ಗಂಗವ್ವನ್ನ ಹಡಿಯೋರು ನಾವ ಅದೀವಿ."

"ಹಂಗಾರ ನಿಮಗೂ ಒಂದು ಬಾಣಂತನ ಮಾಡಬೇಕಾತು ಅಳಿಯಂದ್ರ. ಬಾಣಂತಿ ಖಾರ ಕಲಸ್ಲೇನು?"

ಸಾವಿ ನಕ್ಕಿದ್ದಕ್ಕೆ ಕೂಸು ಎದ್ದು ಅಳತೊಡಗಿತು. ತೊಟ್ಟಿಲು ತೂಗುತ್ತಲೇ ಅಳಿಯ ಮತ್ತೊಂದು ದಾರಿ ಹೇಳಿದರು. "ಸಮುದ್ರ ಐತಲ್ರಿ, ಬಾಜೂಕ."

"ಉಪ್ಪುನೀರಿನ ಕೊಡ ತಂದು ಏನ್ ಮಾಡೂದು? ಉಪ್ಪಿನಕಾಯಿ ಹಾಕೂದನ?"

ಕೊನೆಗೆ ಅವರೇ ತಲೆ ಕೆರೆದುಕೊಂಡು, ಗುಡ್ಡಗಳ ಒಳಗೊಂದು ವಾದಿ ಇದೆ, ನಮ್ಮ ಹಳ್ಳವಿದ್ದಂತೆ, ಅಲ್ಲಿ ಕಲ್ಲಿನ ಸಂದಿಯಿಂದ ಒರತೆ ಹರಿದು ಮಡು ಆಗಿದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ, ರಜೆಯ ದಿನ ಜನ ಈಜಲು ಹೋಗುತ್ತಾರೆ ಎಂದರು. ಈಜು ಎಂಬ ಮಾತು ಕಿವಿಗೆ ಬಿದ್ದದ್ದೇ ಸಾವಿ ತೊಟ್ಟಿಲ ಹಗ್ಗ ಬಿಟ್ಟು ನೆಟ್ಟಗೆ ಕೂತಳು. ಸೂಟಿಯಲ್ಲಿ ಕುಮಾರಪಟ್ಟಣದ ಸೋದರಮಾವನ ಮನೆಗೆ ಹೋಗಿ ತುಂಗಭದ್ರೆಯಲ್ಲಿ ಈಜು ಕಲಿತು ಬಂದವಳು ಅವಳು. ನಾನೋ, ಮೊಣಕಾಲಿಗಿಂತ ಮೇಲಿನ ನೀರನ್ನು ದೂರದಿಂದಲೇ ಕೈಮುಗಿದು ಬಿಟ್ಟವಳು.

"ಪೂಜಿ ನಿಂದು, ಈಜು ನಂದು. ಒಪ್ಪಿದ್ರ ಹೋಗೂಣು," ಎಂದಳು.

"ಬಾಣಂತಿ ತಣ್ಣೀರಿಗೆ ಇಳಿದ್ರ ಥಂಡಿ ಆಗತೈತಿ."

"ಇಲ್ಲೆ ತಣ್ಣೀರು ಎಲ್ಲೈತಿ ತೋರಸು. ನಳದಾಗ ಸುದ್ದಾ ಬಿಸಿನೀರ ಬರತಾವು."

ಅದೂ ಖರೇ ಇತ್ತು. ನೋಡೋಣ ಎಂದೆ. ನನ್ನ ನೋಡೋಣ ಅಂದರೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತು, ಅವಳು ಸುಮ್ಮನಾದಳು ಅಂದರೆ ಬಿಟ್ಟಿಲ್ಲ ಎಂದು ನನಗೆ ಗೊತ್ತು.

ಗುರುವಾರ, ಅಡುಗೆಮನೆ

ಅಲ್ಲಿ ವಾರದ ಸೂಟಿ ಶುಕ್ರವಾರ. ನಮಗೆ ಶುಕ್ರವಾರ ಅಮ್ಮನ ವಾರ. ಪಂಚಾಂಗ ನೋಡುವ ತ್ರಾಸೂ ಉಳಿಯಿತು, ಅಳಿಯಂದಿರು ರಜೆ ಹಾಕುವ ತ್ರಾಸೂ ಉಳಿಯಿತು. ಇಂಥ ಸಣ್ಣ ಸಣ್ಣ ಅನುಕೂಲಗಳನ್ನು ಜೋಡಿಸಿಟ್ಟವರು ಯಾರು ಎಂದು ನಾನಂತೂ ಕೇಳುವುದಿಲ್ಲ, ಕೈಮುಗಿಯುತ್ತೇನೆ.

ಮುತ್ತೈದೆಯರ ಪೈಕಿ ಒಬ್ಬಳು ನಾನೇ. ನಮ್ಮ ಮನೆಯವರು ಬ್ಯಾಡಗಿಯಲ್ಲಿ ಖಾನಾವಳಿ ಊಟ ಮಾಡಿಕೊಂಡು, ದಪ್ಪಗಾಗಿ, ಸುಖವಾಗಿದ್ದರು. ಉಳಿದ ನಾಲ್ವರು ಅಳಿಯನ ಜೊತೆ ಕೆಲಸ ಮಾಡುವ ಕನ್ನಡದವರ ಹೆಂಡಂದಿರು, ತಮ್ಮದೇ ವ್ಯಾನು ಮಾಡಿಕೊಂಡು ಬರುವುದಾಗಿ ಮಾತಾಯಿತು. ಕಡಲೆ ನೆನೆಹಾಕಿದೆ, ಗುಗ್ಗರಿಗೆ. ರೊಟ್ಟಿ ಬಡಿದೆ. ಬದನೆಕಾಯಿ ಎಣ್ಣಗಾಯಿ ಮಾಡಿದೆ. ಮೊಸರುಬುತ್ತಿ ಕಲಸಿದೆ. "ಊಟಕ್ಕ ಹೊಂಟೀವಿ ಏನ್ ಪೂಜಿಗೆ?" ಎಂದು ಸಾವಿ ಕೇಳಿದಳು. ಹಸಿದ ಹೊಟ್ಟೆಯಲ್ಲಿ ಮಾಡಿದ ಪೂಜೆ ದೇವರಿಗಿಂತ ಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದೆ.

ಕೊಡದ್ದೇ ಫಜೀತಿ. ಅಳಿಯ ಮೊದಲು ತಂದದ್ದು ಆಫೀಸಿನಲ್ಲಿ ಬೋರಲು ಹಾಕಿಡುತ್ತಾರಲ್ಲ, ಆ ನೀಲಿ ಪ್ಲಾಸ್ಟಿಕ್ ಕ್ಯಾನು. ಅದನ್ನು ಸೊಂಟದ ಮೇಲಿಟ್ಟು ಸಾವಿ ಅಡುಗೆಮನೆಯಿಂದ ಬಾಗಿಲ ತನಕ ಗರತಿಯ ನಡಿಗೆ ನಡೆದು ತೋರಿಸಿದಳು. ನಗುವಿನಲ್ಲಿ ನನ್ನ ಕಣ್ಣಿಂದ ನೀರು ಬಂತು, ಆದರೆ ಕ್ಯಾನು ಬೇಡ ಎಂದೆ. ಸಂಜೆ ಪೇಟೆಯಲ್ಲಿ ಮಣ್ಣಿನ ಗಡಿಗೆ ಸಿಕ್ಕಿತು. ಚಂದದ ಗಡಿಗೆ, ತಳ ಮಾತ್ರ ಮೊನಚು. ಅಲ್ಲಿಯವರು ಅದನ್ನು ಹಗ್ಗಕ್ಕೆ ಕಟ್ಟಿ ಗಾಳಿಗೆ ತೂಗಿಬಿಡುತ್ತಾರಂತೆ, ನೀರು ತಣ್ಣಗಿರಲೆಂದು. ನೆಲಕ್ಕಿಟ್ಟರೆ ಕುಡಿದವರ ಹಾಗೆ ಉರುಳುತ್ತಿತ್ತು. ಟವೆಲು ಸುತ್ತಿ ಸಿಂಬಿ ಮಾಡಿ ಕೂರಿಸಿದೆ. ಸಿಂಬಿ ಮಾಡುವ ಕೈ ಇದ್ದರೆ ಯಾವ ದೇಶದ ಗಡಿಗೆಯಾದರೂ ನಿಲ್ಲುತ್ತದೆ.

ಹೆದ್ದಾರಿ

ಕಾರಿನಲ್ಲಿ ಗಡಿಗೆ ನನ್ನ ತೊಡೆಯ ಮೇಲೆ, ಕೂಸು ಸಾವಿಯ ಬಾಜೂಕೆ ತನ್ನ ಕುರ್ಚಿಯಲ್ಲಿ. ಅಲ್ಲಿ ಕೂಸಿಗೆ ಕುರ್ಚಿಯಿಲ್ಲದೆ ಕಾರು ಓಡಿಸುವಂತಿಲ್ಲವಂತೆ. ನಮ್ಮಲ್ಲಿ ಒಂದು ಕುರ್ಚಿಯ ಜಾಗದಲ್ಲಿ ನಾಲ್ಕು ಕೂಸುಗಳನ್ನು ಹೊಂದಿಸುತ್ತೇವೆ.

ಎರಡೂ ಕಡೆಗೆ ಗುಡ್ಡ. ಗುಡ್ಡವೆಂದರೆ ಬರಿಯ ಗುಡ್ಡ, ಒಂದು ಎಳೆ ಹುಲ್ಲಿಲ್ಲ, ಯಾರೋ ಚರ್ಮ ಸುಲಿದು ಎಲುಬು ಬಿಸಿಲಿಗೆ ಹಾಕಿದಂತೆ. ಇಂಥ ಕಲ್ಲಿನ ಹೊಟ್ಟೆಯಲ್ಲಿ ನೀರಿದೆ ಎಂದರೆ ನಂಬುವುದು ಹೇಗೆ? ಒಂದು ಕಡೆ ಒಂಟೆಗಳು ರಸ್ತೆ ದಾಟಿದವು. ಮೋಟೆಬೆನ್ನೂರಿನ ಹತ್ತಿರ ನಮ್ಮ ಎಮ್ಮೆಗಳು ಹೈವೇ ದಾಟುವುದನ್ನು ನೋಡಿದ್ದೇನೆ. ಲಾರಿ ಎಷ್ಟೇ ಹಾರ್ನ್ ಹೊಡೆಯಲಿ, ಆ ಕಡೆ ನೋಡಿದರೆ ತಮ್ಮ ಮರ್ಯಾದೆಗೆ ಕಡಿಮೆ ಎಂಬ ನಡಿಗೆ. ಇವೂ ಹಾಗೆಯೇ, ಕುತ್ತಿಗೆ ಮಾತ್ರ ಉದ್ದ.

ಒಂಟೆ ದಾಟುವುದನ್ನು ಕಾಯುವಾಗಲೇ ಅಳಿಯಂದಿರ ಫೋನು ರಿಂಗಾಯಿತು. ಮಾತಾಡಿ ಇಟ್ಟು, ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

"ಅತ್ತಿಯವರ, ವ್ಯಾನ್ ಕೆಟ್ಟು ನಿಂತೈತಂತ. ಅವ್ರು ಬರಾಂಗಿಲ್ಲ."

"ಯಾರೂ?"

"ನಾಕೂ ಮಂದಿ ಒಂದ ವ್ಯಾನಿನಾಗ ಅದಾರಲ್ರಿ."

ನಾನು ಗಡಿಗೆಯನ್ನು ಬಿಗಿಯಾಗಿ ಹಿಡಿದೆ. ಮುಂದಿನ ಶುಕ್ರವಾರ ನಾನು ಈ ದೇಶದಲ್ಲಿ ಇರುವುದಿಲ್ಲ. ಐದು ಮಂದಿಯಲ್ಲಿ ಉಳಿದವಳು ಒಬ್ಬಳು, ಅದೂ ಬಾಣಂತಿಯ ಅವ್ವ. "ಹಿಂದಕ್ಕ ಹೋಗೂಣ್ರೇನು?" ಎಂದು ಅವರು ಕೇಳಿದರು. ಬಾಯಿಂದ ತಾನಾಗಿಯೇ ದೇವರಗುಡ್ಡದ ಮಾಲತೇಶನ ಜೈಕಾರ ಬಂತು. "ಏಳು ಕೋಟಿಗೆ... ನಡೀರಿ ಮುಂದ. ನೀರಿದ್ದಲ್ಲಿ ಹೆಂಗಸರು ಇದ್ದ ಇರತಾರ."

ಹಳ್ಳ

ಇದ್ದರು.

ಖಜೂರದ ಗಿಡಗಳ ನೆರಳು ದಾಟಿ ಕಲ್ಲಿನ ತಿರುವಿಗೆ ಬಂದಾಗ ನಾನು ಮೊದಲು ನೋಡಿದ್ದು ನೀರು. ಹಸಿರು ಗಾಜಿನ ಬಳೆ ಕರಗಿಸಿ ಹೊಯ್ದಂತೆ. ಆ ಬೋಳು ಗುಡ್ಡಗಳು ಇದನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಇಷ್ಟು ಹೊತ್ತು ಮುಖ ಗಂಟು ಹಾಕಿದ್ದವು. ಕೈಗಳು ತಾವಾಗಿಯೇ ಮುಗಿದವು, ಗಡಿಗೆ ಉರುಳುವುದರಲ್ಲಿತ್ತು, ಸಾವಿ ಹಿಡಿದಳು.

ಮೈತುಂಬ ಬಟ್ಟೆ ತೊಟ್ಟೇ ನೀರಿಗೆ ಇಳಿಯಬೇಕೆಂದು ಅಲ್ಲೊಂದು ಫಲಕ. ತುಂಡು ಚಡ್ಡಿಯ ಇಬ್ಬರು ಪ್ರವಾಸಿಗರನ್ನು ಕಾವಲಿನವನು ತಿರುಗಿ ಕಳಿಸುತ್ತಿದ್ದ. ಇಳಕಲ್ ಸೀರೆಯ ನನ್ನನ್ನು ನೋಡಿ ತಲೆಬಾಗಿಸಿದ. ಇಡೀ ಪ್ರವಾಸದಲ್ಲಿ ನಾನು ಸರಿಯಾದ ಬಟ್ಟೆ ತೊಟ್ಟು ಹೋದ ಜಾಗ ಅದೊಂದೇ.

ಮಡುವಿನ ದಂಡೆಯಲ್ಲಿ ಚಾಪೆ ಹಾಸಿ ಒಂದು ಕುಟುಂಬ ಕೂತಿತ್ತು. ಗಂಡಸರು ಅಷ್ಟು ದೂರದಲ್ಲಿ ಮಾಂಸ ಸುಡುತ್ತಿದ್ದರು, ಒಬ್ಬ ಮಲಗಿದ್ದ. ಹೆಂಗಸರು ನಾಲ್ವರು. ಒಬ್ಬ ಮುದುಕಿ, ಅವಳ ಮಗಳು, ಇಬ್ಬರು ಸೊಸೆಯರು. ಕೂಸನ್ನು ನೋಡಿದ್ದೇ ನಮ್ಮನ್ನು ಕೈಬೀಸಿ ಕರೆದರು. ಮುದುಕಿಯನ್ನು ಎಲ್ಲರೂ ಉಮ್ಮ್ ಸಾಲಿಂ ಎನ್ನುತ್ತಿದ್ದರು, ಸಾಲಿಮನ ಅವ್ವ ಎಂದು ಅರ್ಥವಂತೆ. ನಮ್ಮ ಓಣಿಯಲ್ಲೂ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ನಾನು ಸಾವಿತ್ರಿಯ ಅವ್ವ. ಅರ್ಧ ಪರಿಚಯ ಅಲ್ಲಿಗೇ ಆಯಿತು.

ಚಿಕ್ಕ ಬಟ್ಟಲಲ್ಲಿ ಕಾಫಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಷಾಯದಂತೆ. ದೇವರ ನೆನೆದು ಕುಡಿದು ಬಟ್ಟಲು ಮುಂದೆ ಹಿಡಿದೆ, ಮತ್ತೆ ತುಂಬಿದರು. ಕುಡಿದೆ, ತುಂಬಿದರು. ಸಾಕು ಎಂದು ಹೇಳಲು ನಮ್ಮಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗುತ್ತೇವೆ. ಹಾಗೆ ಬಗ್ಗಿದೆ. ಅವರು ಕೈಗಳ ಸಂದಿಯಿಂದ ತುಂಬಿದರು. ಎದೆ ಡವಡವ ಎನ್ನತೊಡಗಿದ ಮೇಲೆ ಅಳಿಯಂದಿರಿಗೆ ನೆನಪಾಯಿತು. "ಬಟ್ಟಲಾ ಅಳಗ್ಯಾಡಸ್ರಿ ಅತ್ತಿಯವರ, ಅಂದ್ರ ಸಾಕಂತ ಅರ್ಥ." ಅಲ್ಲಾಡಿಸಿದೆ. ನಿಂತಿತು. ಮೊದಲೇ ಹೇಳಿದ್ದರೆ ಆ ದಿನ ನಾನು ಇನ್ನೂ ಸ್ವಲ್ಪ ಸಮಾಧಾನದಿಂದ ವರ್ತಿಸುತ್ತಿದ್ದೆ.

ಐದು ಹರಳು ಆರಿಸಿ, ಒರತೆ ಹುಟ್ಟುವ ಕಲ್ಲಿನ ಬಾಯಿಗೇ ಹೋಗಿ ಅರಿಷಿಣದ ಬಟ್ಟಲು ತೆರೆದೆ. ಉಮ್ಮ್ ಸಾಲಿಂ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ನೀರನ್ನು ತೋರಿಸಿ, ಕೈ ಬೊಗಸೆ ಮಾಡಿ ಕುಡಿಯುವಂತೆ ಮಾಡಿ ತೋರಿಸಿದಳು. ಆಮೇಲೆ ಕೆಳಗಿನ ಕಾಲುವೆ, ಅದರ ಕೆಳಗಿನ ಊರು, ತೋಟ. ಮೇಲೆ ಕುಡಿಯುವ ನೀರು, ಕೆಳಗೆ ಮೈ ತೊಳೆಯುವ ನೀರು, ಅದರ ಕೆಳಗೆ ದನ. ನಮ್ಮ ಹೊಳೆಯ ದಂಡೆಯಲ್ಲೂ ಇದೇ ಕಟ್ಟಳೆ ಇತ್ತಲ್ಲ. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಗಂಗವ್ವನನ್ನು ಇಷ್ಟು ಕಾಯುವವರಿದ್ದ ಮೇಲೆ ಚಿಂತೆ ಏನು? ದೂರದ ಒಣ ಬಂಡೆಯ ಮೇಲೆ ಹರಳು ಜೋಡಿಸಿದೆವು. ಸಾವಿ ಪೂಜೆ ಮಾಡಿದಳು. ಮುಷ್ಟಿ ಗುಗ್ಗರಿಯನ್ನು ಮಕ್ಕಳಿಗೆ ಹಂಚಿದೆ. ಗಡಿಗೆ ತುಂಬಿ ಸಿಂಬಿಯ ಮೇಲೆ ಕೂತಿತು.

ಇನ್ನು ಅರಿಷಿಣ ಹಚ್ಚುವವರು.

"ಅಳಿಯಂದ್ರ, ಇವ್ರನ್ನ ಕೇಳ್ರಿ."

"ಏನಂತ?"

"ಅರಿಷಿಣ ಹಚ್ಚತೀರೇನಂತ. ಅದಕಿಂತ ಮೊದಲ, ಗಂಡ ಅದಾನಿಲ್ಲೋ ಕೇಳ್ರಿ."

ಅಳಿಯಂದಿರ ಮುಖ ಸುಟ್ಟ ಬದನೆಕಾಯಿ ಆಯಿತು. "ಪರದೇಶದ ಹೆಣ್ಮಕ್ಕಳನ್ನ ನಿಮ್ಮ ಗಂಡ ಬದುಕ್ಯಾನೇನ್ರಿ ಅಂತ ಕೇಳ್ಲೇನ್ರಿ? ಅವ್ರ ಗಂಡಂದಿರು ಅಲ್ಲೆ ಚೂರಿ ಹಿಡಕೊಂಡು ಮಾಂಸ ಹೆಚ್ಚಾಕತ್ತಾರ."

"ಬದುಕಿದ್ರ ಒಳ್ಳೇದ ಆತಲ್ಲ."

"ನನಗ ಬರೂದು ಪ್ಲಾಂಟಿನ ಅರಬ್ಬಿ ಅಷ್ಟ. ಪಂಪ್ ಚಾಲೂ, ಪಂಪ್ ಬಂದ್."

"ಅಷ್ಟ ಸಾಕು, ಕೇಳ್ರಿ," ಎಂದಳು ಸಾವಿ, ಸೆರಗು ಬಾಯಿಗೆ ತುರುಕಿಕೊಂಡು.

ಪಾಪ, ಕೇಳಿದರು. ಗಂಡ ಚಾಲೂ ಇದ್ದಾನೇನು ಎಂದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಿರಿಯ ಸೊಸೆ ಚಾಪೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಕಿರಿಯಳು ಮಾಂಸ ಸುಡುವವನನ್ನು ತೋರಿಸಿ, ಅವನು ಚಾಲೂ ಎಂದಳು. ಮಗಳು ನೆರಳಲ್ಲಿ ಬಾಯಿ ತೆರೆದು ಮಲಗಿದ್ದವನನ್ನು ತೋರಿಸಿ, ತನ್ನದು ಮದುವೆಯಾದಾಗಿನಿಂದಲೂ ಬಂದ್ ಎಂದಳು. ಅಳಿಯಂದಿರು ಹೇಳುತ್ತ ಹೋದ ಹಾಗೆ ನನಗೂ ಸಾವಿಗೂ ಪಕ್ಕೆ ಹಿಡಿಯಿತು. ಕುಂಕುಮ ಬೇಡವೆಂದು ಅವರು ನಗುತ್ತ ತಲೆಯಾಡಿಸಿದರು, ಅರಿಷಿಣಕ್ಕೆ ಅಂಗೈ ಒಡ್ಡಿದರು. ಮೂವರೂ ಸಾವಿಯ ಕೆನ್ನೆಗೆ, ಕೈಗೆ ಹಚ್ಚಿದರು. ಆಮೇಲೆ ನಾನು ಹಚ್ಚಿದೆ.

ಈ ಗದ್ದಲದಲ್ಲಿ ಉಮ್ಮ್ ಸಾಲಿಂ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು. ತನ್ನ ದೇವರ ಹೆಸರು ಹೇಳಿ, ಸಾವಿಯ ಪಾದದಿಂದ ಮೊಣಕಾಲಿಗೆ, ಬೆರಳಿನಿಂದ ಭುಜಕ್ಕೆ, ಒತ್ತಿ ಒತ್ತಿ ಹಚ್ಚತೊಡಗಿದಳು. ಎಷ್ಟೋ ಬಾಣಂತಿಯರಿಗೆ ಎಣ್ಣೆ ತಿಕ್ಕಿದ ಕೈ ಅದೆಂದು ನೋಡಿದರೆ ತಿಳಿಯುತ್ತದೆ. ಸಾವಿ ಕಣ್ಣು ಮುಚ್ಚಿ ಕೂತಳು. ಹಚ್ಚುತ್ತಲೇ ಮುದುಕಿ ನಗುತ್ತ ಏನೋ ಹೇಳಿದಳು. ಸೊಸೆಯರ ನಗು ನಿಂತಿತು.

"ಏನಂತಾರ?" ಎಂದೆ.

ಅಳಿಯಂದಿರು ನೆಲ ನೋಡಿದರು. "ತನ್ನದೂ ಬಂದ್ ಅಂತ್ರಿ. ಖರೇನ ಬಂದ್. ಭಾಳ ವರ್ಷ ಆತಂತ."

ನನ್ನ ದೊಡ್ಡವ್ವ ಒಬ್ಬಳಿದ್ದಳು. ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ಅರಿಷಿಣ ಕುಟ್ಟಿ ಸೋಸಿ ಕೊಡುವವಳು ಅವಳೇ. ಹಚ್ಚುವ ಹೊತ್ತಿಗೆ ಕೈ ತೊಳೆದು ಒಳಗಿನ ಖೋಲಿಗೆ ಹೋಗುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ, ಹೇಳುವ ಪ್ರಸಂಗ ಅವಳು ತರುತ್ತಿರಲಿಲ್ಲ. ಇಲ್ಲಿ ಈ ಮುದುಕಿ ಏಳಲಿಲ್ಲ. ಏಳಬೇಕೆಂಬುದೇ ಆಕೆಗೆ ಗೊತ್ತಿಲ್ಲ. ಅವಳ ಬೆರಳು ನನ್ನ ಮಗಳ ಹಿಮ್ಮಡಿಯ ಬಿರುಕಿನಲ್ಲಿ ಅರಿಷಿಣ ತುಂಬುತ್ತಿತ್ತು.

ಹಚ್ಚಿಯಾದ ಅರಿಷಿಣವನ್ನು ಒರೆಸುವುದು ಯಾವ ಶಾಸ್ತ್ರದಲ್ಲಿದೆ? ನಾನಂತೂ ಕೇಳಿಲ್ಲ.

"ಐದಾತು," ಎಂದೆ.

"ಅತ್ತಿಯವರ, ನಾ ಹೇಳಿದ್ದು ಕೇಳಿಸ್ತಿಲ್ಲೋ?"

"ಕೇಳಿಸ್ತರಿ. ಐದಾತು. ಸಾವಿ, ಉಡಿ ಸಾಮಾನು ತಗಿ."

ಹಿರಿಯಳೆಂದು ಆಕೆಯಿಂದಲೇ ಸುರು ಮಾಡಿದೆ. ಅವಳ ಮೇಲುಹೊದಿಕೆಯ ಅಂಚು ಹಿಡಿದು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಹಸಿರು ಕುಬಸದ ಕಣ. ಅವಳು ಬೆಲ್ಲದ ಚೂರು ಅಲ್ಲೇ ಬಾಯಿಗೆ ಹಾಕಿಕೊಂಡಳು. ಆಮೇಲೆ ಮೂವರಿಗೂ ತುಂಬಿದೆ. ಮುಗಿಯಿತು ಎಂದು ನಾನು ಬುಟ್ಟಿ ಮುಚ್ಚುವಾಗ ಉಮ್ಮ್ ಸಾಲಿಂ ನನ್ನನ್ನೇ ನೋಡುತ್ತಿದ್ದಳು. ಎಲ್ಲರಿಗೂ ಸಿಕ್ಕಿತು, ನನ್ನ ಸೆರಗು ಮಾತ್ರ ಖಾಲಿ ಎಂದು ಆಕೆಗೆ ಅನಿಸಿರಬೇಕು. ಅವಳು ನನ್ನ ಸೆರಗು ಎಳೆದು ಹರವಿ, ತಮ್ಮ ತಾಟಿನಲ್ಲಿದ್ದ ಖಜೂರವನ್ನು ಎರಡೂ ಬೊಗಸೆಯಲ್ಲಿ ತೆಗೆದು ಅದರೊಳಗೆ ಸುರಿದಳು. ನಾನು ಮಾಡಿದಂತೆಯೇ, ತಪ್ಪಿಲ್ಲದೆ.

ಉಡಿ ತುಂಬಿಸಿಕೊಂಡ ಮೇಲೆ ಹಿರಿಯರ ಕಾಲು ಹಿಡಿಯುವುದು ನಮ್ಮ ಪದ್ಧತಿ. ಬಗ್ಗಿದೆ. ಕಾಲು ಮುಟ್ಟಿಸಿಕೊಳ್ಳದಿರುವುದು ಅವರ ಪದ್ಧತಿ. ಆಕೆ ಬೆದರಿ ಹಿಂದೆ ಸರಿದಳು, ನನ್ನ ಕೈಗೆ ಕಾಲು ಸಿಗಲಿಲ್ಲ, ನನ್ನ ಕಾಲಿಗೆ ಪಾಚಿ ಸಿಕ್ಕಿತು. ಬೆನ್ನಡಿಯಾಗಿ ಮಡುವಿಗೆ ಹೋದೆ.

ಮಡು

ನೀರು ಎದೆಮಟ್ಟ. ಅದು ಗೊತ್ತಾಗುವ ತನಕ ನಾನು ಸತ್ತೆ ಎಂದೇ ತಿಳಿದಿದ್ದೆ. ಸೀರೆ ಬುಗ್ಗೆಯಂತೆ ಉಬ್ಬಿ ಸುತ್ತಲೂ ತೇಲಿತು. ಸಣ್ಣ ಮೀನುಗಳು ಬಂದು ಹಿಮ್ಮಡಿಗೆ ಮುತ್ತಿ ಕಚ್ಚತೊಡಗಿದವು. ಬ್ಯಾಡಗಿಯ ಮಣ್ಣು ತುಳಿದ ಹಿಮ್ಮಡಿ, ಅವುಗಳಿಗೆ ಹಬ್ಬದೂಟ. ಕಚಗುಳಿಗೆ ನಾನು ಕೂಗಲೂ ಆರದೆ, ನಗಲೂ ಆರದೆ ನಿಂತೆ.

"ಅತ್ತಿಯವರ, ಕಲ್ಲು ಹಿಡೀರಿ. ನಿಮ್ಮ ಬಲಕ್ಕ ಐತಿ, ಕೈಲೆ ಹಿಡೀರಿ," ಅಳಿಯಂದಿರು ದಂಡೆಯಲ್ಲಿ ಆ ಕಡೆ ಈ ಕಡೆ ಓಡುತ್ತಿದ್ದರು. ನಾನು ಹಿಡಿಯಲಿಲ್ಲ.

ಕೂಸನ್ನು ಹಿರಿಯ ಸೊಸೆಯ ತೊಡೆಗೆ ಹಾಕಿ ಸಾವಿ ಧುಮುಕಿದಳು. ಮೂರು ತಿಂಗಳಿಂದ ಕಂಬಳಿ ಹೊದ್ದು ಕೂತಿದ್ದವಳು ಮೀನಿನಂತೆ ನೀರು ಸೀಳಿ ಬಂದು ನನ್ನ ಪಕ್ಕ ಎದ್ದಳು. ಮುಖದ ತುಂಬ ಅರಿಷಿಣ, ಕಣ್ಣ ತುಂಬ ನಗು. ಥಂಡಿಯ ಮಾತು ಎತ್ತಲು ಅದು ಹೊತ್ತಲ್ಲ.

"ಕೈ ಕೊಡಬೇ ಯವ್ವಾ."

"ಕೈ ಖಾಲಿ ಇಲ್ಲ."

ಆಗ ಅವಳು ನೋಡಿದಳು. ನನ್ನ ಎರಡೂ ಕೈ ಸೆರಗಿನ ಗಂಟನ್ನು ಎದೆಗವಚಿ ಹಿಡಿದಿದ್ದವು.

"ಅವು ಖಜೂರ ಅದಾವ. ಬಿಡು ಅತ್ಲಾಗ. ಮನ್ಯಾಗ ಡಬ್ಬಿ ತುಂಬ ಬಿದ್ದಾವ."

"ಉಡಿ ತುಂಬ್ಯಾರ ಸಾವಿ. ತುಂಬಿದ ಉಡಿ ನೀರಾಗ ಬಿಡ್ತಾರೇನ?"

ಸಾವಿ ದಂಡೆಯ ಕಡೆ ತಿರುಗಿ, ಬಾಯಿಗೆ ಕೈ ಇಟ್ಟು ನಿಂತಿದ್ದ ಮುದುಕಿಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ನೀರೊಳಗೆ ನನ್ನ ಬೆನ್ನ ಕೆಳಗೆ ಒಂದು ತೋಳು, ಮೊಣಕಾಲ ಕೆಳಗೆ ಒಂದು ತೋಳು ಹಾಕಿದಳು.

"ಹಂಗಾರ ಗಟ್ಟಿ ಹಿಡ್ಕೋ. ನಿನ್ನ ನಾ ಹಿಡ್ಕೋತೇನಿ."

ಕೂಸನ್ನು ಎರೆಯಲು ಮಲಗಿಸುವಂತೆ ನನ್ನನ್ನು ನೀರಿನ ಮೇಲೆ ಮಲಗಿಸಿದಳು. ಕಿವಿಗಳು ಮುಳುಗಿದವು, ಲೋಕದ ಸದ್ದು ನಿಂತಿತು. ಮೇಲೆ ಎರಡು ಗುಡ್ಡಗಳ ನಡುವೆ ಒಂದು ಪಟ್ಟಿ ಆಕಾಶ. ಹೊಟ್ಟೆಯ ಮೇಲೆ ಉಡಿ. ಹೀಗೆ ನಾನು, ಬ್ಯಾಡಗಿಯ ಹೆಣ್ಣುಮಗಳು, ಅರಬರ ಹಳ್ಳದಲ್ಲಿ ದೋಣಿಯಾಗಿ ದಂಡೆಯ ಕಲ್ಲಿನ ಮೆಟ್ಟಿಲ ತನಕ ತೇಲಿಕೊಂಡು ಬಂದೆ. ಸೊಸೆಯರು ಖುಷಿಗೆ ನಾಲಿಗೆ ಹೊರಳಿಸಿ ಲುಲುಲು ಎಂದು ಉಲಿಯುತ್ತಿದ್ದದ್ದು ನೀರೊಳಗೂ ಕೇಳಿಸಿತು.

ಉಮ್ಮ್ ಸಾಲಿಂ ಬಟ್ಟೆ ನೆನೆಸಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದು ಬಂದಿದ್ದಳು. ಅವಳು ನನ್ನ ಕೈ ಹಿಡಿಯಲಿಲ್ಲ, ಭುಜ ಹಿಡಿಯಲಿಲ್ಲ. ನಾನು ಏಳುವ ತನಕ ನನ್ನ ಉಡಿಯ ಕೆಳಗೆ ತನ್ನ ಎರಡೂ ಅಂಗೈ ಒಡ್ಡಿ ನಿಂತಳು. ಒಂದು ಖಜೂರವೂ ಬೀಳಲಿಲ್ಲ.